ಒಂದೇ ತಿರುವು, ಮತ್ತೆ ಮತ್ತೆ: ಟ್ರ್ಯಾಕ್ ಡೇಯಲ್ಲಿ ಬೈಕ್ ಸವಾರಿ ಕಲಿಯೋದು ಹೇಗೆ

ಟ್ರ್ಯಾಕ್ ಡೇ ಅಂದ ಕೂಡಲೇ ನಮ್ಮ ಮಂಗಳೂರು, ಉಡುಪಿ ಕಡೆ ಹೆಚ್ಚಿನವರು ರೇಸ್ ಅಂದುಕೊಳ್ಳುತ್ತಾರೆ. ಮನೆಯಲ್ಲಿ ಹೇಳಿದರೆ ಅಮ್ಮನಿಗೆ ಗಾಬರಿ. ಗೆಳೆಯರಿಗೆ ಹೇಳಿದರೆ "ಎಷ್ಟನೇ ಪ್ರೈಜ್ ಬಂತು ಮಾರಾಯ?" ಅನ್ನುವ ಪ್ರಶ್ನೆ. ಅದು ರೇಸ್ ಅಲ್ಲ. ಗೆಲ್ಲೋದು ಸೋಲೋದು ಇಲ್ಲ, ಕಪ್ ಬಹುಮಾನ ಇಲ್ಲ, ಎಷ್ಟೋ ಕಡೆ ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಕೂಡ ಅಳೆಯೋದಿಲ್ಲ. ರೇಸ್ ಟ್ರ್ಯಾಕನ್ನು ಒಂದು ದಿನಕ್ಕೆ ಬಾಡಿಗೆಗೆ ಹಿಡಿದು, ನಮ್ಮ ನಿಮ್ಮಂಥ ಸವಾರರಿಂದ ಶುಲ್ಕ ತೆಗೆದುಕೊಂಡು, ಅವರವರ ಬೈಕಿನಲ್ಲೇ ಓಡಿಸಲು ಬಿಡುತ್ತಾರೆ. ಕೆಲವು ಕಡೆ ಕಲಿಸುವವರು ಇರುತ್ತಾರೆ, ಕೆಲವು ಕಡೆ ಇರೋದಿಲ್ಲ. ಮೊದಲ ಸಲ ಹೋಗುವವರು ಕಲಿಸುವವರು ಇರುವಲ್ಲಿಗೇ ಹೋಗಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

"ಘಾಟಿಯಲ್ಲಿ ಇಷ್ಟು ವರ್ಷ ಓಡಿಸಿದ್ದೇವೆ, ಇನ್ನೆಂತ ಕಲಿಯೋದು?" ಅನ್ನುವವರು ನಮ್ಮಲ್ಲಿ ಜಾಸ್ತಿ. ಆಗುಂಬೆ, ಚಾರ್ಮಾಡಿ, ಶಿರಾಡಿ ಬಾಗಿಲಲ್ಲೇ ಇರುವಾಗ ಹಾಗೆ ಅನ್ನಿಸುವುದು ಸಹಜ. ಆದರೆ ಘಾಟಿಯಲ್ಲಿ ಒಂದು ತಿರುವು ನಿಮಗೆ ಒಂದೇ ಸಲ ಸಿಗುತ್ತದೆ. ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ ಐದನೆಯದಕ್ಕೆ ನೀವು ತಡವಾಗಿ ಬ್ರೇಕ್ ಹಿಡಿದಿರಿ ಅಂತಿಟ್ಟುಕೊಳ್ಳಿ. ಬೈಕ್ ಸ್ವಲ್ಪ ಹೊರಗೆ ಹೋಯಿತು, ಎದೆ ಝಲ್ಲೆಂದಿತು, ಅಷ್ಟರಲ್ಲಿ ಆರನೆಯದು ಬಂತು. ತಪ್ಪಿದ್ದು ಬ್ರೇಕಾ, ಕಣ್ಣಾ, ಅಥವಾ ರಸ್ತೆ ಮೇಲಿದ್ದ ಒದ್ದೆ ಎಲೆಯಾ? ತಿಳಿಯುವ ದಾರಿಯೇ ಇಲ್ಲ. ವಾಪಸ್ ಬರುವಾಗ ಅದೇ ತಿರುವಿನಲ್ಲಿ ಬಸ್ಸೊಂದು ಪೂರ್ತಿ ರಸ್ತೆ ಹಿಡಿದುಕೊಂಡು ಇಳಿಯುತ್ತಿರಬಹುದು, ಲಾರಿಯ ಡೀಸೆಲ್ ಚೆಲ್ಲಿರಬಹುದು, ಮಂಗವೊಂದು ಕುಳಿತಿರಬಹುದು. ಹೀಗೆ ಪ್ರತಿ ಸಲ ಎಲ್ಲವೂ ಬದಲಾಗುವ ಜಾಗದಲ್ಲಿ ಪಾರಾಗೋದನ್ನು ಕಲಿಯುತ್ತೇವೆ. ಏನು ಮಾಡಿದ್ದರಿಂದ ಪಾರಾದೆವು ಅಂತ ಗೊತ್ತಾಗೋದಿಲ್ಲ.

ಟ್ರ್ಯಾಕಿನಲ್ಲಿ ಇದು ತಿರುಗುಮುರುಗು. ಅದೇ ತಿರುವು ಎರಡು ಮೂರು ನಿಮಿಷಕ್ಕೊಮ್ಮೆ ಮತ್ತೆ ಬರುತ್ತದೆ. ಅದೇ ಡಾಂಬರು, ಅದೇ ಅಗಲ. ಎದುರಿನಿಂದ ಯಾರೂ ಬರೋದಿಲ್ಲ, ಹೊಂಡ ಇಲ್ಲ, ನಾಯಿ ಇಲ್ಲ. ಬದಲಾಗೋದು ನೀವು ಮಾಡುವ ಕೆಲಸ ಮಾತ್ರ. ಲೆಕ್ಕ ಹಾಕಿ ನೋಡಿ. ಚೆನ್ನೈ ಟ್ರ್ಯಾಕ್ ಸುಮಾರು 3.7 ಕಿ.ಮೀ. ಉದ್ದ, 12 ತಿರುವು. ಹೊಸಬರು ಸಣ್ಣ ಬೈಕಿನಲ್ಲಿ ಒಂದು ಸುತ್ತಿಗೆ ಎರಡೂವರೆ ನಿಮಿಷ ತೆಗೆದುಕೊಂಡರೂ 15 ನಿಮಿಷದ ಒಂದು ಸೆಷನ್‌ನಲ್ಲಿ ಆರು ಸುತ್ತು ಆಗುತ್ತದೆ. ದಿನಕ್ಕೆ ಐದು ಸೆಷನ್ ಅಂದರೂ ಒಂದೊಂದು ತಿರುವು 30 ಸಲ. ಆಗುಂಬೆಯನ್ನು ಒಂದೇ ದಿನ 30 ಸಲ ಹತ್ತಿ ಇಳಿಯಲು ಯಾರಿಂದಲೂ ಆಗೋದಿಲ್ಲ. ಆಯಿತು ಅಂತಲೇ ಇಟ್ಟುಕೊಂಡರೂ ಅದು ಪ್ರತಿ ಸಲ ಒಂದೇ ಥರ ಇರೋದಿಲ್ಲ.

ಹಾಗಾಗಿ ಟ್ರ್ಯಾಕಿಗೆ ಹೋಗುವವರು ವೇಗ ಹುಡುಕಿಕೊಂಡು ಹೋದರೆ ಅರ್ಧ ಹಣ ನೀರಿಗೆ ಹಾಕಿದ ಹಾಗೆ. ಅಲ್ಲಿ ಸಿಗುವ ದೊಡ್ಡ ಲಾಭ ಈ ಪುನರಾವರ್ತನೆ. ಒಂದು ಸಲಕ್ಕೆ ಒಂದೇ ಕೌಶಲ ಹಿಡಿದು ತಿದ್ದಿಕೊಳ್ಳಬಹುದು.

ನಮ್ಮ ಕರಾವಳಿಯಲ್ಲಿ ಅಂಥ ಟ್ರ್ಯಾಕ್ ಇಲ್ಲ. ಮಂಗಳೂರಿನಿಂದ ಹತ್ತಿರದ್ದು ಕೊಯಮತ್ತೂರು ಪಕ್ಕದ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇ. ಕೋಝಿಕ್ಕೋಡ್, ಪಾಲಕ್ಕಾಡ್ ಮೇಲೆ ಹೋದರೆ ಸುಮಾರು 400 ಕಿ.ಮೀ. ಟ್ರ್ಯಾಕಿನ ಉದ್ದ 2.1 ಕಿ.ಮೀ. ಆಸುಪಾಸು. ರೇಸ್ ಕಾರುಗಳನ್ನು ಇಲ್ಲೇ ಕಟ್ಟಿ, ಸ್ವತಃ ಓಡಿಸಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಸಣ್ಣ ಬೈಕಿನವರಿಗೆ ಹೇಳಿ ಮಾಡಿಸಿದಂಥ ಜಾಗ. ಇನ್ನೊಂದು ಚೆನ್ನೈ ಹೊರಗೆ, ಶ್ರೀಪೆರಂಬದೂರು ಹತ್ತಿರದ ಇರುಂಗಾಟುಕೋಟೆಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್. ಬೆಂಗಳೂರು ಮೇಲೆ ಸುಮಾರು 650 ಕಿ.ಮೀ. ಹಳಬರು ಅದನ್ನು ಈಗಲೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್) ಅಂತಲೇ ಕರೆಯುತ್ತಾರೆ. ಮೂರನೆಯದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್. 2011ರಲ್ಲಿ ಕಾರುಗಳ ಫಾರ್ಮುಲಾ ಒನ್, 2023ರಲ್ಲಿ ಬೈಕುಗಳ ಮೋಟೋ ಜಿಪಿ ರೇಸ್ ನಡೆದ ಜಾಗ. ನಮಗೆ ತೀರಾ ದೂರ, ಮೊದಲ ಸಲಕ್ಕೆ ಅಗತ್ಯವೂ ಇಲ್ಲ. ಬೆಂಗಳೂರಿನಲ್ಲಿ ಗೋ-ಕಾರ್ಟ್ ಟ್ರ್ಯಾಕುಗಳಲ್ಲಿ ಸಣ್ಣ ಬೈಕಿನವರಿಗೆ ತರಬೇತಿ ಕೊಡುವವರೂ ಇದ್ದಾರೆ. ವೇಗ ಕಡಿಮೆ, ತಿರುವು ಜಾಸ್ತಿ, ಕಲಿಯಲು ಒಳ್ಳೆಯದು.

ಯಾವ ಬೈಕ್ ಬೇಕು ಅನ್ನುವವರಿಗೆ ಒಂದೇ ಉತ್ತರ, ನಿಮ್ಮ ಹತ್ತಿರ ಇರುವುದು. 150, 200 ಸಿಸಿ ಬೈಕ್ ಇದ್ದರೆ ಇನ್ನೂ ಒಳ್ಳೆಯದು. ದೊಡ್ಡ ಬೈಕಿನಲ್ಲಿ ತಿರುವು ಕೆಟ್ಟದಾಗಿ ತೆಗೆದುಕೊಂಡರೂ ನೇರ ದಾರಿಯಲ್ಲಿ ಇಂಜಿನ್ ಎಳೆದು ಸರಿ ಮಾಡಿಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಸಣ್ಣ ಬೈಕಿನಲ್ಲಿ ಹಾಗಾಗೋದಿಲ್ಲ. ತಿರುವಿನಲ್ಲಿ ವೇಗ ಕಳೆದುಕೊಂಡರೆ ಅದು ಮತ್ತೆ ಬರುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಆಗ ಬೇರೆ ದಾರಿಯಿಲ್ಲದೆ ಸರಿಯಾಗಿ ಕಲಿಯಬೇಕಾಗುತ್ತದೆ.

ಹೋಗುವ ಮೊದಲು ಬೈಕಿಗೆ ಮಾಡಿಸಬೇಕಾದ ಕೆಲಸಗಳಲ್ಲಿ ನಮ್ಮ ಊರಿನವರು ವಿಶೇಷವಾಗಿ ಗಮನ ಕೊಡಬೇಕಾದದ್ದು ಬ್ರೇಕ್ ಆಯಿಲ್‌ಗೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಹೊಸತಾಗಿದ್ದಾಗ ಅದು ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಅದಕ್ಕಿರುವ ಕನಿಷ್ಠ ಮಿತಿ 155 ಡಿಗ್ರಿ. ನಮ್ಮ ಕರಾವಳಿಯ ಗಾಳಿ ಹೇಗಿದೆ ಅಂತ ನಿಮಗೆ ಗೊತ್ತೇ ಇದೆ, ಮಳೆಗಾಲದಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗೋದಿಲ್ಲ. ಊರೊಳಗೆ ಓಡಿಸುವಾಗ ಬ್ರೇಕ್ ಅಷ್ಟು ಬಿಸಿಯಾಗದ ಕಾರಣ ಇದು ಗೊತ್ತಾಗೋದೇ ಇಲ್ಲ. ಟ್ರ್ಯಾಕಿನಲ್ಲಿ ಪ್ರತಿ ಸುತ್ತೂ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಆಯಿಲ್ ಕುದಿಯುತ್ತದೆ, ಗುಳ್ಳೆ ಏಳುತ್ತದೆ, ಲಿವರ್ ಹಿಂಡಿದರೆ ಹ್ಯಾಂಡಲ್‌ವರೆಗೂ ಬರುತ್ತದೆ, ಬೈಕ್ ನಿಲ್ಲೋದಿಲ್ಲ. ಆದ್ದರಿಂದ ಹೊಸ ಆಯಿಲ್ ಹಾಕಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ಪೂರ್ತಿ ತೆಗೆಸಿ. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ನುಗಳಿಗೆ ಉಪ್ಪು ಗಾಳಿಯಿಂದ ತುಕ್ಕು ಹಿಡಿದಿದ್ದರೆ ಅದನ್ನೂ ಬಿಚ್ಚಿ ಸ್ವಚ್ಛ ಮಾಡಿಸಿ. ಪ್ಯಾಡ್, ಚೈನ್, ಟೈರ್ ನೋಡಿಸುವುದಂತೂ ಇದ್ದೇ ಇದೆ.

ಟ್ರ್ಯಾಕಿನಲ್ಲಿ ಬೆಳಿಗ್ಗೆ ಮೊದಲು ಬೈಕ್ ತಪಾಸಣೆ. ಎಣ್ಣೆ ಸೋರುತ್ತಿದೆಯಾ, ಥ್ರಾಟಲ್ ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದಾ, ಬ್ರೇಕ್ ಹೇಗಿದೆ ಅಂತ ನೋಡುತ್ತಾರೆ. ಕನ್ನಡಿ ಬಿಚ್ಚಬೇಕು ಅಥವಾ ಮಡಚಬೇಕು, ಹೆಡ್‌ಲೈಟ್‌ಗೂ ಟೈಲ್ ಲೈಟ್‌ಗೂ ಟೇಪ್ ಅಂಟಿಸಬೇಕು. ಬಿದ್ದರೆ ಗಾಜಿನ ಚೂರು ಟ್ರ್ಯಾಕಿನ ಮೇಲೆ ಹರಡಬಾರದು ಅಂತ. ಮೈಮೇಲೆ ಚರ್ಮದ ಸೂಟ್, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಮಣಿಕಟ್ಟು ಮುಚ್ಚುವ ಗ್ಲೌಸ್, ಬೂಟ್, ಬೆನ್ನಿಗೆ ರಕ್ಷಾಕವಚ ಬೇಕೇ ಬೇಕು. ಸೂಟ್ ಬಾಡಿಗೆಗೆ ಸಿಗುತ್ತದಾ ಅಂತ ಮೊದಲೇ ಕೇಳಿ, ಹೊಸತು ಕೊಳ್ಳುವ ಅವಸರ ಬೇಡ. ಆಮೇಲೆ ಎಲ್ಲರನ್ನೂ ಕೂರಿಸಿ ನಿಯಮ ಹೇಳುತ್ತಾರೆ. ಬಾವುಟಗಳನ್ನು ಆಗ ಸರಿಯಾಗಿ ಕೇಳಿಸಿಕೊಳ್ಳಬೇಕು. ಹಳದಿ ಅಂದರೆ ಮುಂದೆ ಅಪಾಯ ಇದೆ, ನಿಧಾನ, ಯಾರನ್ನೂ ಹಿಂದಿಕ್ಕಬಾರದು. ಕೆಂಪು ಅಂದರೆ ಸೆಷನ್ ನಿಂತಿತು. ತಟ್ಟನೆ ಬ್ರೇಕ್ ಹಾಕದೆ ನಿಧಾನ ಮಾಡಿಕೊಂಡು ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ಬೈಕ್ ನಿಲ್ಲಿಸುವ ಜಾಗಕ್ಕೆ, ಬರಬೇಕು. ಕಪ್ಪು ತೋರಿಸಿದರೆ ನಿಮ್ಮನ್ನೇ ಒಳಗೆ ಕರೆಯುತ್ತಿದ್ದಾರೆ ಅಂತ. ಹಳದಿ ಮೇಲೆ ಕೆಂಪು ಪಟ್ಟೆ ಕಂಡರೆ ನೆಲ ಜಾರುತ್ತಿದೆ. ಚೌಕುಳಿಯದು ಬಂದರೆ ಸೆಷನ್ ಮುಗಿಯಿತು. ಸವಾರರನ್ನು ಅವರವರ ವೇಗಕ್ಕೆ ತಕ್ಕ ಹಾಗೆ ಗುಂಪು ಮಾಡುತ್ತಾರೆ. ಸಂಶಯ ಇದ್ದರೆ ನಿಧಾನದ ಗುಂಪನ್ನೇ ಕೇಳಿ ತೆಗೆದುಕೊಳ್ಳಿ. ಮುಂದೆ ಹೋಗುವವನಿಗೆ ತನ್ನ ದಾರಿಯ ಹಕ್ಕು ಇರುತ್ತದೆ, ಹಿಂದಿಕ್ಕುವವನದೇ ಪೂರ್ತಿ ಜವಾಬ್ದಾರಿ. ಹಿಂದೆ ಯಾರು ಬರುತ್ತಿದ್ದಾರೆ ಅಂತ ತಿರುಗಿ ನೋಡುವ ಅಭ್ಯಾಸ ಬಿಡಬೇಕು.

ಈಗ ಕಲಿಯುವ ವಿಷಯಕ್ಕೆ ಬರೋಣ.

ಮೊದಲು ಕಣ್ಣು. ನಾವು ಎಲ್ಲಿ ನೋಡುತ್ತೇವೋ ಬೈಕ್ ಅಲ್ಲಿಗೇ ಹೋಗುತ್ತದೆ. ಹೊಂಡ ತಪ್ಪಿಸಬೇಕು ಅಂತ ಹೊಂಡವನ್ನೇ ನೋಡುತ್ತಾ ಅದಕ್ಕೇ ಇಳಿಸಿದವರು ಎಷ್ಟು ಜನ ಇಲ್ಲ! ವೇಗ ಜಾಸ್ತಿಯಾದಂತೆ, ಭಯ ಜಾಸ್ತಿಯಾದಂತೆ ನೋಟ ತಾನಾಗಿ ಮುಂದಿನ ಚಕ್ರದ ಹತ್ತಿರಕ್ಕೆ ಬೀಳುತ್ತದೆ. ಹತ್ತಿರ ನೋಡಿದಷ್ಟೂ ಎಲ್ಲವೂ ಓಡಿ ಬಂದಂತೆ ಕಾಣುತ್ತದೆ, ಕೈ ಬಿಗಿಯಾಗುತ್ತದೆ. ಟ್ರ್ಯಾಕಿನಲ್ಲಿ ಇದನ್ನು ಬಿಡಿಸಲು ತಿರುವಿಗೆ ಮೂರು ಗುರುತು ಇಟ್ಟುಕೊಳ್ಳುತ್ತಾರೆ. ಬೈಕ್ ತಿರುಗಿಸಲು ಶುರು ಮಾಡುವ ಜಾಗ, ಒಳ ಅಂಚಿಗೆ ಅತಿ ಹತ್ತಿರ ಬರುವ ಜಾಗ, ಹೊರಗೆ ಬರುವ ಜಾಗ. ಕೆಲವು ಕಡೆ ಅಲ್ಲಿ ಬಣ್ಣದ ಕೋನ್ ಇಟ್ಟಿರುತ್ತಾರೆ. ಮೊದಲನೆಯದನ್ನು ತಲುಪುವ ಮೊದಲೇ ಕಣ್ಣು ಎರಡನೆಯದಕ್ಕೆ ಹೋಗಬೇಕು, ಎರಡನೆಯದನ್ನು ಮುಟ್ಟುವ ಮೊದಲೇ ಮೂರನೆಯದಕ್ಕೆ. ಓದಲು ಸುಲಭ. ಆದರೆ ಹತ್ತಿರ ಬರುತ್ತಿರುವ ಕೋನಿನಿಂದ ಕಣ್ಣು ಕಿತ್ತು ದೂರದ, ಇನ್ನೂ ಸರಿಯಾಗಿ ಕಾಣದ ಜಾಗಕ್ಕೆ ಇಡೋದು ಆ ಕ್ಷಣದಲ್ಲಿ ಎಷ್ಟು ಕಷ್ಟ ಅಂತ ಮಾಡಿದಾಗಲೇ ತಿಳಿಯುತ್ತದೆ. ಒಮ್ಮೆ ಅದು ಬಂದಿತು ಅಂದರೆ ಅದೇ ವೇಗ ನಿಧಾನ ಅನ್ನಿಸುತ್ತದೆ. ಕುಂದಾಪುರದ ಹುಡುಗನೊಬ್ಬ ಸೆಷನ್ ಮುಗಿಸಿ ಬಂದು ಹೆಲ್ಮೆಟ್ ತೆಗೆಯುವ ಮೊದಲೇ "ಅಣ್ಣ, ತಿರುವು ಅಗಲ ಆದ ಹಾಗೆ ಉಂಟು" ಅಂದ. ಟ್ರ್ಯಾಕ್ ಅಗಲ ಅಷ್ಟೇ ಇತ್ತು. ಅವನು ಅದನ್ನು ಪೂರ್ತಿಯಾಗಿ ನೋಡಿದ್ದು ಆಗ.

ಇನ್ನು ತಿರುಗಿಸುವುದು. ಬಲಕ್ಕೆ ಹೋಗಬೇಕಾದರೆ ಬಲಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು. ಉಲ್ಟಾ ಅನ್ನಿಸುತ್ತದೆ ಅಲ್ವಾ? ಒತ್ತಿದಾಗ ಮುಂದಿನ ಚಕ್ರ ಒಂದು ಕ್ಷಣ ಎಡಕ್ಕೆ ಹೊರಳುತ್ತದೆ, ನೆಲ ಮುಟ್ಟಿರುವ ಜಾಗ ಬೈಕಿನ ಭಾರದ ಕೆಳಗಿನಿಂದ ಎಡಕ್ಕೆ ಸರಿಯುತ್ತದೆ, ಬೈಕ್ ಬಲಕ್ಕೆ ಮಲಗುತ್ತದೆ, ಆಮೇಲೆ ಬಲಕ್ಕೇ ತಿರುಗುತ್ತದೆ. ತೀರಾ ನಿಧಾನದಲ್ಲಿ, ನಡಿಗೆಯ ವೇಗದಲ್ಲಿ ಬಿಟ್ಟರೆ ಉಳಿದ ಎಲ್ಲ ಹೊತ್ತಿನಲ್ಲೂ ಎರಡು ಚಕ್ರದ ಗಾಡಿ ತಿರುಗೋದು ಹೀಗೆಯೇ. ನಾವೆಲ್ಲ ಗೊತ್ತಿಲ್ಲದೆ ಇದನ್ನೇ ಮಾಡುತ್ತಿರುತ್ತೇವೆ. ಗೊತ್ತಿಲ್ಲದೆ ಮಾಡೋದರ ತೊಂದರೆ ಅಂದರೆ, ಗಾಬರಿಯಾದಾಗ ಕೈ ತಪ್ಪು ಕಡೆ ಎಳೆಯುತ್ತದೆ. ತಿರುವಿನಲ್ಲಿ ಹೊರಗೆ ಹೋಗುತ್ತಿದ್ದೇನೆ ಅನ್ನಿಸಿದಾಗ ಒಳಗಿನ ಕೈಯಿಂದ ಇನ್ನಷ್ಟು ಒತ್ತುವುದರ ಬದಲು ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತೇವೆ. ಬೈಕಿಗೆ ಇನ್ನೂ ಮಲಗುವ ಶಕ್ತಿ ಇರುತ್ತದೆ, ಸವಾರ ಬಿಡೋದಿಲ್ಲ. ಘಾಟಿಯಲ್ಲಿ ಎದುರಿನ ಲಾರಿಗೆ ಹೋಗಿ ಬೀಳುವುದು ಹೀಗೂ ಆಗುತ್ತದೆ. ನನಗೆ ಕೇಳಿದರೆ, ಒಂದೇ ಒಂದು ವಿಷಯ ಕಲಿಯಲು ಟ್ರ್ಯಾಕಿಗೆ ಹೋಗುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಬ್ರೇಕ್ ವಿಷಯದಲ್ಲಿ ನಮ್ಮಲ್ಲಿ ಒಂದು ಹಳೆಯ ಭಯ ಉಂಟು. "ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ" ಅಂತ. ಸೈಕಲ್ ಕಲಿಸುವಾಗಿನಿಂದ ಇದನ್ನೇ ಕೇಳಿ ಬೆಳೆದಿದ್ದೇವೆ. ನಿಜ ಏನೆಂದರೆ ವೇಗ ಕಡಿಮೆಯಾಗುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ಆ ಟೈರ್ ನೆಲಕ್ಕೆ ಒತ್ತಿಕೊಂಡು ಹಿಡಿತ ಜಾಸ್ತಿಯಾಗುತ್ತದೆ, ಹಿಂದಿನದು ಹಗುರಾಗುತ್ತದೆ. ಆದ್ದರಿಂದ ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನದ್ದೇ. ಆದರೆ ಭಾರ ಮುಂದಕ್ಕೆ ಬರಲು ಒಂದು ಕ್ಷಣ ಬೇಕು. ಅದಕ್ಕೆ ಮೊದಲೇ ಲಿವರನ್ನು ಗಪ್ಪನೆ ಹಿಡಿದರೆ ಚಕ್ರ ಜಾಮ್ ಆಗಿ ಜಾರುತ್ತದೆ. ಹಾಗಾಗಿ ಹಿಡಿಯುವುದಲ್ಲ, ಹಿಂಡುವುದು. ಮೊದಲು ಎರಡು ಬೆರಳಿನಿಂದ ಲಿವರಿನ ಸಡಿಲು ತೆಗೆದು, ಮುಂದಿನ ಚಕ್ರದ ಫೋರ್ಕ್ (ಶಾಕ್ ಅಬ್ಸಾರ್ಬರ್) ಕೆಳಗೆ ಕೂರುವುದನ್ನು ಕೈಯಲ್ಲಿ ಅನುಭವಿಸಿ, ಆಮೇಲೆ ಗಟ್ಟಿ ಹಿಂಡಬೇಕು. ಇದೆಲ್ಲ ಅರ್ಧ ಸೆಕೆಂಡಿನ ಆಟ. ಟ್ರ್ಯಾಕಿನಲ್ಲಿ ನೇರ ದಾರಿಯ ಕೊನೆಗೆ, ತಿರುವು ಇನ್ನೆಷ್ಟು ದೂರ ಅಂತ ತೋರಿಸುವ ಬೋರ್ಡುಗಳಿದ್ದರೆ ಅಭ್ಯಾಸ ಇನ್ನೂ ಸುಲಭ. ಮೊದಲ ಸೆಷನ್‌ನಲ್ಲಿ ತಿರುವಿನಿಂದ ಅತಿ ದೂರದ ಬೋರ್ಡಿನಲ್ಲೇ ಬ್ರೇಕ್ ಹಿಡಿಯಿರಿ, ವೇಗ ಬೇಗ ಇಳಿದು ತಿರುವಿನ ಮೊದಲು ಸುಮ್ನೆ ಉರುಳಿಕೊಂಡು ಹೋಗುತ್ತಿದ್ದೀರಿ ಅನ್ನಿಸಿದರೆ ಮಾತ್ರ ಮುಂದಿನ ಸಲ ಸ್ವಲ್ಪ ಮುಂದಕ್ಕೆ ಸರಿಸಿ.

ಒಣ, ಒಳ್ಳೆಯ ಡಾಂಬರಿನ ಮೇಲೆ ಚೆನ್ನಾಗಿ ಬ್ರೇಕ್ ಹಿಡಿದರೆ 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 18 ಮೀಟರ್ ಬೇಕು. 80ರಿಂದ ನಿಲ್ಲಲು ಸುಮಾರು 32 ಮೀಟರ್. ವೇಗ ಜಾಸ್ತಿಯಾದದ್ದು ಮೂರನೇ ಒಂದು ಪಾಲು, ದೂರ ಹತ್ತಿರ ಹತ್ತಿರ ಎರಡು ಪಟ್ಟು. ಇದು ಬೆರಳು ಲಿವರಿನ ಮೇಲೆ ಬಂದ ಮೇಲಿನ ಲೆಕ್ಕ. ನೋಡಿ, ತಿಳಿದು, ಬೆರಳು ಹಾಕಲು ಒಂದು ಸೆಕೆಂಡ್ ಹೋದರೆ 60ರಲ್ಲಿ ಇನ್ನೂ 17 ಮೀಟರ್, 80ರಲ್ಲಿ 22 ಮೀಟರ್ ಸೇರಿಸಬೇಕು. ಪಡುಬಿದ್ರಿ, ಕಾಪು ಕಡೆ ಹೆದ್ದಾರಿಯಲ್ಲಿ ಕಾರಿನ ಬಾಲಕ್ಕೆ ಅಂಟಿಕೊಂಡು ಹೋಗುವವರು ಈ ಲೆಕ್ಕವನ್ನು ಒಮ್ಮೆ ಹೆಜ್ಜೆ ಹಾಕಿ ಅಳೆದು ನೋಡಬೇಕು. ಎಬಿಎಸ್ ಇದೆಯಲ್ಲ ಅನ್ನಬಹುದು. 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ, ಒಳ್ಳೆಯದೇ ಆಯಿತು. ಅದು ಚಕ್ರ ಜಾಮ್ ಆಗೋದನ್ನು ತಪ್ಪಿಸುತ್ತದೆ. ತಡವಾಗಿ ನೋಡಿದ ಕಣ್ಣನ್ನು ಅದು ಸರಿ ಮಾಡೋದಿಲ್ಲ.

ಟೈರಿನ ಹಿಡಿತವನ್ನು ತಿಂಗಳ ಸಂಬಳ ಅಂತ ಭಾವಿಸಿ. ಇರುವುದು ಇಷ್ಟೇ, ಅದರಲ್ಲೇ ಬ್ರೇಕಿಗೂ ಕೊಡಬೇಕು, ತಿರುಗಲೂ ಕೊಡಬೇಕು. ಪೂರ್ತಿ ಮಲಗಿಸಿಕೊಂಡು ಹೋಗುವಾಗ ಬ್ರೇಕಿಗೆ ಉಳಿಯುವುದು ಬಹಳ ಕಡಿಮೆ. ಬೈಕ್ ನೇರವಾದಂತೆ ಬ್ರೇಕಿಗೆ ಜಾಸ್ತಿ ಕೊಡಬಹುದು. ಇದರಿಂದಲೇ ಹೊಸಬರಿಗೆ ಹೇಳುವ ಮಾತು, ಬ್ರೇಕ್ ಕೆಲಸ ನೇರ ಇರುವಾಗಲೇ ಮುಗಿಸಿ, ಬಿಟ್ಟು, ಆಮೇಲೆ ತಿರುಗಿಸಿ. ಅನುಭವ ಬಂದವರು ತಿರುಗಿಸುತ್ತಾ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗುತ್ತಾರೆ, ಮಲಗಿದಷ್ಟೂ ಲಿವರ್ ಸಡಿಲ. ಅದು ಬಹಳ ಉಪಯೋಗದ ಕಲೆ, ಆದರೆ ಮೊದಲ ದಿನದ ಪಾಠ ಅಲ್ಲ.

ಮಲಗಿಸುವ ವಿಷಯದಲ್ಲೂ ಒಂದು ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಮೊಣಕಾಲು ನೆಲಕ್ಕೆ ತಾಗಿಸಿದ ಫೋಟೋಗಾಗಿಯೇ ಟ್ರ್ಯಾಕಿಗೆ ಹೋಗುವವರಿದ್ದಾರೆ. 50 ಮೀಟರ್ ತ್ರಿಜ್ಯದ ಒಂದು ತಿರುವನ್ನು 60 ಕಿ.ಮೀ. ವೇಗದಲ್ಲಿ ತೆಗೆದುಕೊಳ್ಳಲು ಬೈಕ್ ಸುಮಾರು 30 ಡಿಗ್ರಿ ಮಲಗಬೇಕು. 70ಕ್ಕೆ ಸುಮಾರು 38 ಡಿಗ್ರಿ. 80ಕ್ಕೆ 45 ಡಿಗ್ರಿ. ವೇಗ ಸ್ವಲ್ಪ ಏರಿಸಿದರೂ ಬೆಲೆ ದೊಡ್ಡದು. ಈಗ ಅದೇ ತಿರುವಿನಲ್ಲಿ ಹೊರ ಅಂಚಿನಿಂದ ಶುರು ಮಾಡಿ, ಒಳಗೆ ಮುಟ್ಟಿ, ಮತ್ತೆ ಹೊರಗೆ ಬಂದು ನಿಮ್ಮ ದಾರಿಯ ತ್ರಿಜ್ಯವನ್ನು 60 ಮೀಟರ್ ಮಾಡಿಕೊಂಡರೆ ಆ 60 ಕಿ.ಮೀ. ವೇಗಕ್ಕೆ 25 ಡಿಗ್ರಿ ಸಾಕು. ಅದೇ ವೇಗ, ಐದು ಡಿಗ್ರಿ ಉಳಿತಾಯ, ಎಲ್ಲಾದರೂ ತಪ್ಪಿದರೆ ಖರ್ಚು ಮಾಡಲು ಅಷ್ಟು ಕೈಯಲ್ಲಿ ಉಳಿಯಿತು. ಒಳ್ಳೆಯ ದಾರಿ ಹಿಡಿಯುವುದು ಅಂದರೆ ಇದೇ. ಮೈಯನ್ನು ತಿರುವಿನ ಒಳಗೆ ಸ್ವಲ್ಪ ಜಾರಿಸಿ ಕೂರುವುದೂ ಇದಕ್ಕೇ, ಬೈಕ್ ಕಡಿಮೆ ಮಲಗಿದರೆ ಸಾಕಾಗುತ್ತದೆ. ಚೆನ್ನಾಗಿ ಓಡಿಸುವವನು ಕಡಿಮೆ ಮಲಗಿಸಿ ಅಷ್ಟೇ ವೇಗದಲ್ಲಿ ಹೋಗುತ್ತಾನೆ. ಮೊಣಕಾಲು ತಾಗಿದರೆ ತಾಗಲಿ, ಅದನ್ನು ಹುಡುಕಿಕೊಂಡು ಹೋಗಬೇಡಿ.

ಕೂರುವ ರೀತಿಗೆ ಒಂದು ಪರೀಕ್ಷೆ. ತೊಡೆ, ಮೊಣಕಾಲಿನಿಂದ ಟ್ಯಾಂಕನ್ನು ಗಟ್ಟಿಯಾಗಿ ಹಿಡಿದುಕೊಂಡು, ತಿರುವಿನ ಮಧ್ಯೆ ಮೊಣಕೈಗಳನ್ನು ಸ್ವಲ್ಪ ಅಲುಗಾಡಿಸಿ ನೋಡಿ. ಸಲೀಸಾಗಿ ಅಲುಗಾಡಿದರೆ ಸರಿ. ಅಲುಗಾಡದಿದ್ದರೆ ನೀವು ಹ್ಯಾಂಡಲಿಗೆ ಜೋತು ಬಿದ್ದಿದ್ದೀರಿ, ಬೈಕಿನ ಮುಂಭಾಗವನ್ನು ಕೆಲಸ ಮಾಡಲು ಬಿಡುತ್ತಿಲ್ಲ.

ಥ್ರಾಟಲ್ ಬಗ್ಗೆ ಇಷ್ಟು ಸಾಕು: ಬೈಕ್ ತಿರುಗಿ ನಿಮ್ಮ ದಾರಿ ಹಿಡಿದ ಮೇಲೆ ನಯವಾಗಿ, ಒಂದೇ ಸಮನೆ, ನಿಧಾನವಾಗಿ ತೆರೆಯುತ್ತಾ ಹೋಗಿ. ಆಗ ಭಾರ ಸ್ವಲ್ಪ ಹಿಂದಿನ ಅಗಲದ ಟೈರಿಗೆ ಬರುತ್ತದೆ, ಸಸ್ಪೆನ್ಷನ್ ನೆಮ್ಮದಿಯಾಗಿ ಕೆಲಸ ಮಾಡುತ್ತದೆ. ಮಧ್ಯದಲ್ಲಿ ಭಯಪಟ್ಟು ಟಪ್ಪನೆ ಮುಚ್ಚಿದರೆ ಭಾರವೆಲ್ಲ ಮುಂದಕ್ಕೆ ಬಿದ್ದು ಬೈಕ್ ತೊನೆಯುತ್ತದೆ. ಅಮೆರಿಕದ ಕೀತ್ ಕೋಡ್ 1980ರಲ್ಲಿ ಶುರು ಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲಿನ ಮೊದಲ ಹಂತದಲ್ಲಿ ಮೊದಲ ಪಾಠವೇ ಥ್ರಾಟಲ್. ಆ ಶಾಲೆ ಚೆನ್ನೈ ಟ್ರ್ಯಾಕಿಗೂ ಬಂದು ಪಾಠ ನಡೆಸಿದೆ. ಅವರ ಕ್ರಮದಲ್ಲಿ ನನಗೆ ಬಹಳ ಇಷ್ಟವಾಗುವುದು ಒಂದು ಸೆಷನ್‌ಗೆ ಒಂದೇ ವಿಷಯ ಅನ್ನುವ ಕಟ್ಟುನಿಟ್ಟು. ನೀವು ಯಾರ ಹತ್ತಿರ ಕಲಿತರೂ ಅದನ್ನು ಪಾಲಿಸಿ. ಒಂದು ಸೆಷನ್ ಪೂರ್ತಿ ಕಣ್ಣು ಮಾತ್ರ. ಇನ್ನೊಂದು ಪೂರ್ತಿ ಬ್ರೇಕ್ ಮಾತ್ರ. ಬಂದು ಕೂತು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ, ಯಾವ ತಿರುವಿನಲ್ಲಿ ಎಲ್ಲಿ ಬ್ರೇಕ್ ಬಿಟ್ಟೆ, ಎಲ್ಲಿ ಹೆದರಿಕೆ ಆಯಿತು ಅಂತ. ಹೆದರಿಕೆ ಆದ ಜಾಗವೇ ಮುಂದಿನ ಸೆಷನ್‌ನ ಕೆಲಸ.

ಬೀಳುವವರು ಹೆಚ್ಚಾಗಿ ಬೀಳುವುದಕ್ಕೆ ಎರಡು ಹೊತ್ತು ಉಂಟು. ಸೆಷನ್‌ನ ಮೊದಲ ಸುತ್ತುಗಳಲ್ಲಿ ಟೈರ್ ತಣ್ಣಗಿರುತ್ತದೆ, ಹಿಡಿತ ಬಂದಿರೋದಿಲ್ಲ, ಆಗ ಅವಸರ ಮಾಡಬಾರದು. ಇನ್ನೊಂದು ಸಂಜೆಯ ಕೊನೆಯ ಸೆಷನ್. ಮೈ ದಣಿದಿರುತ್ತದೆ, ಮನಸ್ಸು ಮಾತ್ರ "ಇನ್ನೊಂದು ಸುತ್ತು" ಅನ್ನುತ್ತಿರುತ್ತದೆ. ಚರ್ಮದ ಸೂಟಿನೊಳಗೆ ಚೆನ್ನೈ ಬಿಸಿಲಿಗೆ ಬೆವರು ಇಳಿಯುವುದು ನಮಗೆ ಹೊಸತಲ್ಲ, ಆದರೆ ಬಾಯಾರಿಕೆ ಆಗುವವರೆಗೆ ಕಾಯಬೇಡಿ. ನೀರು, ಓಆರ್‌ಎಸ್, ಸಿಕ್ಕಿದರೆ ಬೊಂಡ (ಎಳನೀರು), ಸೆಷನ್ ಸೆಷನ್ ನಡುವೆ ಕುಡಿಯುತ್ತಿರಿ. ಗಮನ ತಪ್ಪುತ್ತಿದೆ ಅನ್ನಿಸಿದರೆ ಕೊನೆಯ ಸೆಷನ್ ಬಿಟ್ಟುಬಿಡಿ.

ಹಣದ ವಿಷಯದಲ್ಲಿ ಗೊತ್ತಿರಬೇಕಾದದ್ದು ಒಂದಿದೆ. ನಮ್ಮ ಸಾಮಾನ್ಯ ವಾಹನ ವಿಮೆಯ ಪಾಲಿಸಿಯಲ್ಲೇ ರೇಸ್, ವೇಗ ಪರೀಕ್ಷೆಯಂಥ ಬಳಕೆಗೆ ವಿಮೆ ಅನ್ವಯಿಸುವುದಿಲ್ಲ ಅಂತ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಬಿದ್ದರೆ ಬೈಕಿನ ಖರ್ಚು ನಿಮ್ಮದೇ ಅಂತ ತಿಳಿದುಕೊಂಡೇ ಹೋಗಿ. ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಓದಿ ಸಹಿ ಹಾಕಿ. ಆಂಬ್ಯುಲೆನ್ಸ್, ವೈದ್ಯರು ದಿನವಿಡೀ ಇರುತ್ತಾರಾ ಅಂತ ಹಣ ಕಟ್ಟುವ ಮೊದಲೇ ಕೇಳಿ. ಉತ್ತರ ತೊದಲಿದರೆ ಅಲ್ಲಿಗೆ ಹೋಗಬೇಡಿ.

ಅದೇ ಬೈಕಿನಲ್ಲಿ ಊರಿಗೆ ವಾಪಸ್ ಬರುವವರು ಒಂದು ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಹೊರಡಿ. ಟ್ರ್ಯಾಕಿಗೆ ಅಂತ ಟೈರಿನ ಗಾಳಿ ಇಳಿಸಿದ್ದರೆ ಮತ್ತೆ ತುಂಬಿಸಿ, ಕನ್ನಡಿ ಹಾಕಿ, ದೀಪದ ಟೇಪ್ ತೆಗೆಯಿರಿ. ಸಣ್ಣ ಪಿಕಪ್ ಗೊತ್ತು ಮಾಡಿ ಮೂರು ನಾಲ್ಕು ಬೈಕ್ ಹಾಕಿಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಖರ್ಚು ಹಂಚಿಹೋಗುತ್ತದೆ, ಮೈಯೂ ಉಳಿಯುತ್ತದೆ.

ಊರಿಗೆ ಬಂದ ಮೇಲೆ ಏನನ್ನು ತರಬೇಕು, ಏನನ್ನು ಅಲ್ಲೇ ಬಿಡಬೇಕು ಅನ್ನುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಕಣ್ಣು, ಬ್ರೇಕ್, ಸಡಿಲ ಕೈ ಇವು ಮೂರೂ ಬರಬೇಕು. ವೇಗ ಮತ್ತು ಮಲಗಿಸುವ ಕೋನ ಅಲ್ಲೇ ಇರಬೇಕು. ಟ್ರ್ಯಾಕಿನ ದಾರಿಯನ್ನು ಘಾಟಿಗೆ ತರಲೇಬಾರದು. ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಅನ್ನುವುದು ಟ್ರ್ಯಾಕಿನ ಪೂರ್ತಿ ಅಗಲಕ್ಕೆ. ರಸ್ತೆಯಲ್ಲಿ ನಿಮಗಿರುವುದು ನಿಮ್ಮ ಎಡಗಡೆಯ ಅರ್ಧ ಮಾತ್ರ, ಅದರಲ್ಲೂ ಅಂಚಿನಲ್ಲಿ ಮಣ್ಣು, ಪಾಚಿ. ಬಲ ತಿರುವಿನಲ್ಲಿ ಮಧ್ಯದ ಗೆರೆಯ ಹತ್ತಿರ ಚಕ್ರ ಇಟ್ಟು ಬಲಕ್ಕೆ ಮಲಗಿಸಿದರೆ ಚಕ್ರ ನಿಮ್ಮ ಕಡೆಯೇ ಇರುತ್ತದೆ, ತಲೆ ಮತ್ತು ಭುಜ ಎದುರಿನ ಬಸ್ಸಿನ ದಾರಿಯಲ್ಲಿರುತ್ತದೆ. ಚಾರ್ಮಾಡಿಯಂಥ ಇಕ್ಕಟ್ಟಿನ ರಸ್ತೆಯಲ್ಲಿ ಇದು ಜೀವದ ಪ್ರಶ್ನೆ. ತಿರುವು ಪೂರ್ತಿ ಕಾಣುವವರೆಗೆ ನಿಮ್ಮ ಭಾಗದ ಒಳಗೇ ಅಗಲವಾಗಿ ಇದ್ದು, ತಡವಾಗಿ ತಿರುಗಿಸಿ. ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವಷ್ಟೇ ವೇಗ ಇಟ್ಟುಕೊಳ್ಳಿ, ಆ 18 ಮತ್ತು 32 ಮೀಟರಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಳೆಗಾಲದಲ್ಲಿ ಆ ದೂರಗಳು ಇನ್ನೂ ಉದ್ದವಾಗುತ್ತವೆ.

ರಸ್ತೆಯಲ್ಲಿ ರೇಸ್ ಮಾಡುವವರಿಗೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ, ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಕಾಯ್ದೆಗಿಂತ ಜಾಸ್ತಿ ನನಗೆ ಅನ್ನಿಸುವುದು, ಭಾನುವಾರ ಬೆಳಿಗ್ಗೆ ಘಾಟಿಯಲ್ಲಿ ಜೋರು ಹೋಗುವ ಹುಡುಗರಿಗೆ ಒಂದು ಸಲ ಟ್ರ್ಯಾಕ್ ತೋರಿಸಬೇಕು ಅಂತ. ನಿಜವಾದ ವೇಗ ಎಷ್ಟು ಜಾಗ ಕೇಳುತ್ತದೆ ಅಂತ ಅಲ್ಲಿ ಕಣ್ಣಾರೆ ನೋಡಿದವರಿಗೆ ಘಾಟಿಯ ರಸ್ತೆ ಎಷ್ಟು ಚಿಕ್ಕದು ಅಂತ ತಾನಾಗಿ ತಿಳಿಯುತ್ತದೆ.

ಮುಂದಿನ ಟ್ರ್ಯಾಕ್ ಡೇವರೆಗೆ ಕೈ ಮರೆಯದಿರಲು ಊರಲ್ಲೇ ಮಾಡಬಹುದಾದದ್ದೂ ಇದೆ. ಅನುಮತಿ ಕೇಳಿ ಒಂದು ಖಾಲಿ ಕಾಂಕ್ರೀಟ್ ಅಂಗಳ ಅಥವಾ ಪಾರ್ಕಿಂಗ್ ಜಾಗ ಹಿಡಿಯಿರಿ. ಮರಳು, ಜಲ್ಲಿ ಗುಡಿಸಿ. ಎರಡು ಹಳೆಯ ಬಾಟಲಿ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತಿ, ಕಣ್ಣು ಯಾವಾಗಲೂ ಮುಂದಿನ ಬಾಟಲಿ ಮೇಲಿರಲಿ. ಆಮೇಲೆ 30, 40ರ ವೇಗದಿಂದ ಒಂದು ಗೆರೆಯಲ್ಲಿ ಬ್ರೇಕ್ ಹಿಂಡಿ ನಿಲ್ಲಿಸಿ, ಎಷ್ಟು ದೂರದಲ್ಲಿ ನಿಂತಿತು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹೆಲ್ಮೆಟ್, ಗ್ಲೌಸ್, ಬೂಟ್ ಇಲ್ಲಿಯೂ ಬೇಕು, ಜೊತೆಗೆ ಒಬ್ಬರು ಇರಲಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಅಂಗಳದಲ್ಲಿ ಒದ್ದೆ ನೆಲದ ಮೇಲೆ 20ರ ವೇಗದಿಂದ ಮತ್ತೆ ಶುರು ಮಾಡಿ, ಹಳೆಯ ಗುರುತಿನ ಪಕ್ಕದಲ್ಲೇ ಹೊಸದನ್ನು ಹಾಕುತ್ತಾ ಹೋಗಿ.